ಹೆಪ್ಪುಗಟ್ಟಿದ ಹೆಗಲು



ಸಂಸಾರದ ಭಾರ ಹೊರುವುದು ಹೆಗಲು. ಕಷ್ಟಕಾಲದಲ್ಲಿ ನೆರೆಯವರಿಗೆ ಕೊಡುವುದೂ ಹೆಗಲೇ. ಅಂಥ ಹೆಗಲು ತನ್ನ ಕೈಯನ್ನೇ ಎತ್ತಲಾರದೆ ನಿಂತುಬಿಡುವ ಜಾಡ್ಯವೊಂದುಂಟು. ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್ಮನ್ ಅವರು 1934ರಲ್ಲಿ ಅದನ್ನು ‘ಫ್ರೋಜನ್ ಷೋಲ್ಡರ್’, ಎಂದರೆ ಹೆಪ್ಪುಗಟ್ಟಿದ ಹೆಗಲು, ಎಂದು ಕರೆದರು. ನಮ್ಮ ಸುಶ್ರುತಸಂಹಿತೆಯಲ್ಲಿಯೂ ‘ಅವಬಾಹುಕ’ವೆಂಬ ವಾತರೋಗ ಬರುತ್ತದೆ. ಎರಡೂ ಒಂದೇ ಎಂದು ನಾನು ಸಾಧಿಸಹೊರಡುವುದಿಲ್ಲ, ಹೋಲಿಕೆಯಂತೂ ಉಂಟು.

ತೋಳಿನ ಕೀಲನ್ನು ಸಡಿಲವಾದ ತೆಳುಚೀಲವೊಂದು ಸುತ್ತಿಕೊಂಡಿದೆ. ಅದು ಉರಿಯೂತಕ್ಕೆ ಸಿಕ್ಕಿ, ದಪ್ಪವಾಗಿ, ಮುದುಡಿತೆಂದರೆ ಕೈ ಕಟ್ಟುಬಿದ್ದಂತೆಯೇ. ಮೊದಲು ನೋವು, ಅದರಲ್ಲಿಯೂ ರಾತ್ರಿಯ ಹೊತ್ತು, ಆಮೇಲೆ ಬಿಗಿತ, ಕೊನೆಗೆ ಮೆಲ್ಲಮೆಲ್ಲನೆ ಸಡಿಲ. ಸಾಮಾನ್ಯವಾಗಿ ಇಷ್ಟಕ್ಕೂ 1ರಿಂದ 3 ವರ್ಷ ಹಿಡಿಯುತ್ತದೆ. 40ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲಿಯೂ ಹೆಂಗಸರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಹೆಚ್ಚು.

ನಾನು ಸಕ್ಕರೆ ಕಾಯಿಲೆಯವನು, ಮೇಲಾಗಿ ಉಪಾಧ್ಯಾಯ. ಕಂದಪದ್ಯಕ್ಕೆ ಪ್ರಸ್ತಾರ ಹಾಕಿ ತೋರಿಸಲು ಬಲಗೈ ಕರಿಹಲಗೆಯ ನಡುವಿಗಿಂತ ಮೇಲೆ ಏಳದಾಯಿತು. ಹಿಂದಿನ ಸಾಲಿನ ಹುಡುಗರು ಎದ್ದು ನಿಂತು ಲಘು ಗುರು ಎಣಿಸುವಂತಾಯಿತು. ಮೂಳೆವೈದ್ಯರು ಕ್ಷ-ಕಿರಣ ಚಿತ್ರ ತೆಗೆಸಿ, ಇದು ಕೀಲುಸವೆತವಲ್ಲವೆಂದು ತಿಳಿದುಕೊಂಡರು. ಬಳಿಕ ಮುಂಗೈ ಹಿಡಿದು ತೋಳನ್ನು ಹೊರಕ್ಕೆ ತಿರುಗಿಸಲು ನೋಡಿದರು. ಅಗುಳಿ ಹಾಕಿದಂತೆ ನಿಂತಿತು. ಇನ್ನೊಬ್ಬರು ತಿರುಗಿಸಿದರೂ ತಿರುಗದಿರುವುದೇ ಇದರ ಗುರುತಂತೆ.

ಕೀಲಿನೊಳಕ್ಕೆ ಸ್ಟೆರಾಯ್ಡ್ ಚುಚ್ಚುಮದ್ದು ಎಂದೊಡನೆ ಮನೆಯಲ್ಲಿ ಗಾಬರಿ. “ಪೇಟೆಬೀದಿಯಲ್ಲಿ ಕೈ ಎಳೆದು ಸರಿಮಾಡುವವರಿದ್ದಾರಲ್ಲ” ಎಂದರು ಒಬ್ಬ ಬಂಧುಗಳು. ಉರಿಯುತ್ತಿರುವ ಚೀಲವನ್ನು ಬಲವಂತದಿಂದ ಎಳೆದರೆ ನೋವು ಕೆರಳೀತೇ ಹೊರತು ಬಿಗಿತ ಬಿಡದು. ಚುಚ್ಚುಮದ್ದು ಉರಿಯೂತವನ್ನು ತಣಿಸುತ್ತದೆ. ನೋವು ಮುಖ್ಯವಾಗಿರುವ ಮೊದಲ ತಿಂಗಳುಗಳಲ್ಲಿ ಅದರ ಗುಣ ಹೆಚ್ಚು. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ವೈದ್ಯರಿಗೆ ಮೊದಲೇ ಹೇಳಿ, ದಿನವೂ ಪರೀಕ್ಷಿಸಿಕೊಳ್ಳಬೇಕು. ಇದರ ಉಪಶಮನ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿದವನಿಗೆ ಲಾಭ. ನೋವು ಹೋಯಿತೆಂದು ಆರಾಮಕುರ್ಚಿ ಹಿಡಿದವನಿಗೆ ಬಿಗಿತ ಉಳಿಯುತ್ತದೆ.

ವ್ಯಾಯಾಮಕ್ಕೆ ಸಾಮಗ್ರಿ ಬೇಡ. ಮೊದಲು ಬಿಸಿನೀರಿನ ಶಾಖ. ಬಳಿಕ ಒಳ್ಳೆಯ ಕೈಯನ್ನು ಮೇಜಿನ ಮೇಲೂರಿ ಬಾಗಿ, ನೋಯುವ ಕೈಯನ್ನು ಬಾವಿಗಿಳಿಸಿದ ಕೊಡದಂತೆ ಜೋಲುಬಿಟ್ಟು, ಸಣ್ಣ ಸುತ್ತುಗಳಲ್ಲಿ ತೂಗುವುದು. ಇದಕ್ಕೂ ಕಾಡ್ಮನ್ನರ ಹೆಸರೇ ಇದೆ. ಆಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಇರುವೆ ಹತ್ತಿದಂತೆ ಹತ್ತಿಸುವುದು. ಸ್ನಾನದಲ್ಲಿ ಬೆನ್ನುಜ್ಜುವಂತೆ ಟವೆಲನ್ನು ಬೆನ್ನ ಹಿಂದೆ ಹಿಡಿದು, ಮೇಲಿನ ಕೈಯಿಂದ ಕೆಳಗಿನದನ್ನು ಎಳೆಯುವುದು. ದಿನಕ್ಕೆ ಎರಡು ಮೂರು ಸಲ, ಸ್ವಲ್ಪಸ್ವಲ್ಪ. ಮಾಡಿದ ನೋವು ಬೇಗ ಇಳಿಯಬೇಕು. ರಾತ್ರಿಯೆಲ್ಲ ಕಾಡಿದರೆ ಮರುದಿನ ಕಡಮೆ ಮಾಡಿರಿ. ಚಿಕಿತ್ಸಕರು ಒಮ್ಮೆ ಎದುರು ನಿಂತು ಕಲಿಸಿಕೊಟ್ಟರೆ ಉತ್ತಮ.

ಒಂದು ಎಚ್ಚರ: ಹೆಗಲುನೋವಿನೊಡನೆ ಎದೆ ಹಿಡಿದುಕೊಂಡು ಬೆವರು ಕಿತ್ತುಬಂದರೆ ಅದು ಹೃದಯದ ಮಾತಾಗಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ತಿಂಗಳುಗಟ್ಟಲೆ ಶ್ರಮಿಸಿಯೂ ಸಡಿಲವಾಗದಿದ್ದರೆ, ಕೀಲಿನ ಚೀಲಕ್ಕೆ ಲವಣದ್ರವ ತುಂಬಿ ಹಿಗ್ಗಿಸುವುದುಂಟು. ಅರಿವಳಿಕೆ ಕೊಟ್ಟು ಬಿಡಿಸುವುದೂ ಉಂಟು. ಅಲ್ಲಿಯವರೆಗೆ ಹೋಗಬೇಕಾದವರು ಕೆಲವರೇ.