ದಾಖಲೆಯ ಅಂಕಿ ಮತ್ತು ರೂಪಾಯಿಯ ಬೆಲೆ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



‘ಷೇರುಪೇಟೆಯಲ್ಲಿ ಸಾರ್ವಕಾಲಿಕ ದಾಖಲೆ’ ಎಂಬ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಆಗಾಗ ಓದುತ್ತೀರಿ. ಓದಿದಾಗ ದೇಶದ ಸಂಪತ್ತು ಹೆಚ್ಚಿತು ಎಂಬ ಭಾವನೆ ಬರುವುದು ಸಹಜ. ಆದರೆ ಷೇರುಗಳನ್ನು ನಾವು ಅಳೆಯುವುದು ರೂಪಾಯಿಯಲ್ಲಿ. ಆ ರೂಪಾಯಿಗೆ ಸಿಗುವ ಅಕ್ಕಿ, ಬೇಳೆ, ಎಣ್ಣೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಅಳತೆಗೋಲೇ ಕುಗ್ಗಿದರೆ ಬಟ್ಟೆ ಉದ್ದವಾದಂತೆ ಕಾಣುತ್ತದೆ, ಅಲ್ಲವೇ?

ಒಂದು ಉದಾಹರಣೆ ನೋಡೋಣ. ಮುಂಬಯಿ ಷೇರುಪೇಟೆಯ 30 ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಆಧರಿಸಿದ ಸೂಚ್ಯಂಕವೇ ಸೆನ್ಸೆಕ್ಸ್. 2008ರ ಜನವರಿ 8ರಂದು ಅದು 20,873ಕ್ಕೆ ಮುಕ್ತಾಯವಾಯಿತು. ಅನಂತರ ಜಾಗತಿಕ ಆರ್ಥಿಕ ಕುಸಿತ ಬಂದು, 2009ರ ಮಾರ್ಚ್‌ನಲ್ಲಿ ಸುಮಾರು 8,160ಕ್ಕೆ ಇಳಿಯಿತು. ಮತ್ತೆ ಚೇತರಿಸಿಕೊಂಡು 2013ರ ಅಕ್ಟೋಬರ್ 30ರಂದು 21,034ರಲ್ಲಿ ಮುಕ್ತಾಯಗೊಂಡು ಹೊಸ ದಾಖಲೆ ಬರೆಯಿತು. 2008ರಲ್ಲಿ 1 ಲಕ್ಷ ರೂಪಾಯಿ ಹಾಕಿದವರಿಗೆ ಅಸಲು ಮರಳಿ ಬಂದಂತೆ ಕಂಡಿತು.

ಈಗ ಬೆಲೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಕೇಂದ್ರ ಸರ್ಕಾರದ ಲೇಬರ್ ಬ್ಯೂರೋ ಪ್ರತಿ ತಿಂಗಳು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ಪ್ರಕಟಿಸುತ್ತದೆ. ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆ ನಿರ್ಧಾರವಾಗುವುದು ಇದರಿಂದಲೇ. 2001ನ್ನು 100 ಎಂದು ಇಟ್ಟುಕೊಂಡ ಆಗಿನ ಲೆಕ್ಕದಲ್ಲಿ ಈ ಸೂಚ್ಯಂಕ 2008ರ ಜನವರಿಯಲ್ಲಿ 134 ಇತ್ತು. 2013ರ ಅಕ್ಟೋಬರ್‌ನಲ್ಲಿ 241 ಆಯಿತು. 241ನ್ನು 134ರಿಂದ ಭಾಗಿಸಿದರೆ ಸುಮಾರು 1.8. ಅಂದರೆ 2008ರಲ್ಲಿ 100 ರೂಪಾಯಿಗೆ ಸಿಗುತ್ತಿದ್ದ ಸಾಮಾನಿಗೆ 2013ರಲ್ಲಿ 180 ರೂಪಾಯಿ ಬೇಕಾಯಿತು.

ಆದ್ದರಿಂದ 2008ರ ಎತ್ತರವನ್ನು ನಿಜವಾಗಿ ಮುಟ್ಟಲು ಸೆನ್ಸೆಕ್ಸ್ ಸುಮಾರು 37,500 ಆಗಬೇಕಿತ್ತು. ಅದು ಮುಟ್ಟಿದ್ದು 21,034 ಮಾತ್ರ. ಮರಳಿ ಬಂದ 1 ಲಕ್ಷದ ಕೊಳ್ಳುವ ಶಕ್ತಿ 2008ರ ಸುಮಾರು 56,000 ರೂಪಾಯಿಯಷ್ಟಿತ್ತು. ನೌಕರನ ಸಂಬಳಕ್ಕೆ ತುಟ್ಟಿಭತ್ಯೆ ಸೇರುತ್ತದೆ. ಹಳೆಯ ದಾಖಲೆಯ ಅಂಕಿಗೆ ಮಾತ್ರ ಯಾರೂ ತುಟ್ಟಿಭತ್ಯೆ ಸೇರಿಸಿ ಹೋಲಿಸುವುದಿಲ್ಲ. ಹೀಗೆ ಸೇರಿಸಿ ನೋಡಿದರೆ, 2008ರ ಮಟ್ಟವನ್ನು ಸೆನ್ಸೆಕ್ಸ್ ದಾಟಿದ್ದು 2021ರಲ್ಲಿ.

ಇನ್ನೊಂದು ಮಾತನ್ನೂ ಹೇಳುವುದು ನ್ಯಾಯ. ಕಂಪನಿಗಳು ಹಂಚುವ ಲಾಭಾಂಶ ಸೆನ್ಸೆಕ್ಸ್‌ನಲ್ಲಿ ಸೇರಿಲ್ಲ. ಅದನ್ನು ಕೂಡಿಸಿದರೆ ನಷ್ಟ ಸ್ವಲ್ಪ ಕಡಿಮೆಯಾಗುತ್ತದೆ. 1978-79ರಲ್ಲಿ 100 ಇದ್ದ ಸೆನ್ಸೆಕ್ಸ್ 2024ರ ಸೆಪ್ಟೆಂಬರ್‌ನಲ್ಲಿ 85,000 ದಾಟಿತು. ಇದು ಬೆಲೆ ಏರಿಕೆಗಿಂತ ಬಹಳ ಹೆಚ್ಚು. ಆದ್ದರಿಂದ ಷೇರುಪೇಟೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಯಾವ ವರ್ಷದ ರೂಪಾಯಿಯನ್ನು ಯಾವ ವರ್ಷದ ರೂಪಾಯಿಗೆ ಹೋಲಿಸುತ್ತಿದ್ದೇವೆ ಎಂಬುದೇ ಪ್ರಶ್ನೆ.

ವಿದ್ಯಾರ್ಥಿ ಮಿತ್ರರೇ, ಈ ಲೆಕ್ಕಕ್ಕೆ ಬೇಕಾಗಿರುವುದು ಏಳನೇ ತರಗತಿಯ ಗುಣಾಕಾರ ಭಾಗಾಕಾರ ಅಷ್ಟೆ. ಹಳೆಯ ಅಂಕಿಯನ್ನು ಇಂದಿನ ಬೆಲೆ ಸೂಚ್ಯಂಕದಿಂದ ಗುಣಿಸಿ, ಅಂದಿನ ಸೂಚ್ಯಂಕದಿಂದ ಭಾಗಿಸಿ. ಎರಡೂ ಸೂಚ್ಯಂಕಗಳ ಆಧಾರ ವರ್ಷ ಒಂದೇ ಇರಲಿ. ಬಂದ ಉತ್ತರವನ್ನು ಇಂದಿನ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಬ್ಯಾಂಕಿನ ಠೇವಣಿಗೂ, ಸಂಬಳಕ್ಕೂ, ಜಮೀನಿನ ಬೆಲೆಗೂ ಇದೇ ಲೆಕ್ಕ.

ಹಿರಿಯರಲ್ಲಿ ಒಂದು ವಿನಂತಿ. 2008ರಲ್ಲಿ ಒಬ್ಬ ಬಡ ವಿದ್ಯಾರ್ಥಿಗೆ ವರ್ಷಕ್ಕೆ 5,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಿದ್ದ ಸಂಸ್ಥೆ, 2013ರಲ್ಲಿ ಅಷ್ಟೇ ನೆರವು ನೀಡಲು 9,000 ರೂಪಾಯಿ ಕೊಡಬೇಕಿತ್ತು. ‘ನಾವು ಮೊತ್ತವನ್ನು ಕಡಿಮೆ ಮಾಡಿಲ್ಲ’ ಎಂದು ವರದಿಯಲ್ಲಿ ಬರೆಯುವುದು ಸುಲಭ. ಆದರೆ ಅಂಥ ವಿದ್ಯಾರ್ಥಿಯ ಕೈಗೆ ಸೇರಿದ್ದು ಹೆಚ್ಚು ಕಡಿಮೆ ಅರ್ಧ. ಯಾವುದೇ ನಿಧಿಯ ಲೆಕ್ಕಪತ್ರ ಮಂಡಿಸುವಾಗ ಈ ಭಾಗಾಕಾರವನ್ನೂ ಒಂದು ಸಾಲಿನಲ್ಲಿ ಬರೆಯೋಣ.