ಅಕ್ಕ-ತಮ್ಮನ ವಯಸ್ಸು: ಅಂತರ ಹಿಡೀರಿ, ಉತ್ತರ ಸಿಗ್ತದ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಾಗ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದೋ ಗೆಳೆಯರಿಗೆ ಇವತ್ತೊಂದು ಲೆಕ್ಕ. 100 ಪ್ರಶ್ನೆಗೆ 90 ನಿಮಿಷ, ತಪ್ಪಿದರೆ ಕಾಲು ಅಂಕ ಕಟ್. ಅಂದಾಜು ನಡೆಯೋದಿಲ್ಲ.

ಅಕ್ಕ ತಮ್ಮಗ ಹೇಳ್ತಾಳ: ‘ನಿನ್ನ ಈಗಿನ ವಯಸ್ಸು ನನಗಿದ್ದಾಗ, ನಿನ್ನ ವಯಸ್ಸು ನನ್ನ ಈಗಿನ ವಯಸ್ಸಿನ ಅರ್ಧ ಇತ್ತು. ಈಗ ಇಬ್ಬರದೂ ಕೂಡಿ 42.’

ಎಷ್ಟು ವರ್ಷ ಕಳೆದರೂ ಇಬ್ಬರ ನಡುವಿನ ಅಂತರ ಬದಲಾಗೋದಿಲ್ಲ. ಅದನ್ನ ಎಕ್ಸ್ ಅನ್ನೋಣ, ತಮ್ಮನ ವಯಸ್ಸು ವೈ. ಅಕ್ಕಂದು ವೈ + ಎಕ್ಸ್. ಎಕ್ಸ್ ವರ್ಷದ ಹಿಂದ ಅಕ್ಕಗ ವೈ, ತಮ್ಮಗ ವೈ − ಎಕ್ಸ್. ಇದರ ಎರಡು ಪಟ್ಟು ಅಕ್ಕನ ಈಗಿನ ವಯಸ್ಸು: 2ವೈ − 2ಎಕ್ಸ್ = ವೈ + ಎಕ್ಸ್. ಅಂದ್ರ ವೈ = 3ಎಕ್ಸ್. ತಮ್ಮಂದು 3 ಪಾಲು, ಅಕ್ಕಂದು 4. ಒಟ್ಟು 7 ಪಾಲಿಗೆ 42, ಒಂದು ಪಾಲು 6. ತಮ್ಮಗ 18, ಅಕ್ಕಗ 24. ತಾಳೆ ನೋಡ್ರಿ: 6 ವರ್ಷದ ಹಿಂದ ಅಕ್ಕಗ 18, ತಮ್ಮಗ 12. ಅದು 24ರ ಅರ್ಧ.

ಗಣಿತ ನಮಗೇನು ಹೊಸದಲ್ಲ. ‘ಗಣಿತಸಾರಸಂಗ್ರಹ’ದ ಮಹಾವೀರಾಚಾರ್ಯರು 9ನೇ ಶತಮಾನದಾಗ, ಅಮೋಘವರ್ಷ ನೃಪತುಂಗನ ಕಾಲದಾಗ ಇದ್ದವರು. ಅದೇ ಕಾಲದ ‘ಕವಿರಾಜಮಾರ್ಗ’ದಾಗ ನಮ್ಮ ಕೊಪ್ಪಳ ‘ಕೊಪಣ’ ಅಂತ ಬರ್ತದ.

ಈಗ 42ರ ಬದಲಿ 56 ಇಟ್ಟು ನೀವೇ ಬಿಡಿಸ್ರಿ. ತಮ್ಮಗ 24 ಬಂದರ ನಿಮ್ಮ ದಾರಿ ಸರಿ ಅದ.