ಉಳಿಕೆಯೆಲ್ಲ ಕಸವಲ್ಲ
(ಮುಲುಂಡಿನ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ವೆಬ್‌ಸೈಟ್ ನಿಧಾನವಾಗಿದೆ, ಅದರ ಡೇಟಾಬೇಸಿನಲ್ಲಿರುವ ಹಳೆಯ ಕಸವನ್ನು ಗುಡಿಸಿಬಿಡೋಣ ಎಂದು ನಮ್ಮ ತರುಣ ಮಿತ್ರರು ಸೂಚಿಸಿದ್ದಾರೆ. ಅವರ ಉತ್ಸಾಹ ಮೆಚ್ಚತಕ್ಕದ್ದು. ಆದರೆ ಪೊರಕೆ ಹಿಡಿಯುವ ಮೊದಲು ನಾಲ್ಕು ಮಾತು ಹೇಳಬೇಕಾಗಿದೆ. ನಾನು ಏಳನೆಯ ಇಯತ್ತೆ ಓದಿ ಹೋಟೆಲಿನ ಟೇಬಲು ಒರೆಸಿದವನು, ಪಂಡಿತನಲ್ಲ. ತಿಳಿದವರನ್ನು ಕೇಳಿ ಅರಿತದ್ದನ್ನಷ್ಟೇ ಹೇಳುತ್ತೇನೆ.

ನಮ್ಮ ವೆಬ್‌ಸೈಟ್ ನಡೆಯುವುದು ವರ್ಡ್‌ಪ್ರೆಸ್ ಮೇಲೆ. 2003ರಲ್ಲಿ ಹೊರಬಂದ ಈ ವ್ಯವಸ್ಥೆಗೆ ಬೇಕುಬೇಕಾದ ಪ್ಲಗಿನ್‌ಗಳನ್ನು ಜೋಡಿಸಿಕೊಳ್ಳಬಹುದು: ಸದಸ್ಯರ ಅರ್ಜಿಗೆ ಒಂದು, ವಂತಿಗೆಯ ರಶೀದಿಗೆ ಇನ್ನೊಂದು. ಪ್ಲಗಿನ್ ಎಂಬುದು ಕೆಲಸ ಬಿಟ್ಟುಹೋದ ಗುಮಾಸ್ತನಿದ್ದಂತೆ. ಅವನು ಹೋದರೂ ಅವನು ಬರೆದ ಲೆಕ್ಕ ಗಲ್ಲಾದ ಪುಸ್ತಕದಲ್ಲಿ ಉಳಿಯುತ್ತದೆ. ಪ್ಲಗಿನ್ ನಿಲ್ಲಿಸಿದರೆ ಮಾಹಿತಿ ಹಾಗೆಯೇ ಇರುತ್ತದೆ. ಕಿತ್ತುಹಾಕಿದಾಗ ಕೆಲವು ತಮ್ಮದನ್ನು ಅಳಿಸಿಕೊಂಡು ಹೋಗುತ್ತವೆ, ಅನೇಕವು ಬಿಟ್ಟುಹೋಗುತ್ತವೆ. ಈ ಉಳಿಕೆಯಲ್ಲಿ ಕೆಲವನ್ನು ವೆಬ್‌ಸೈಟ್ ಪ್ರತಿ ಪುಟ ತೆರೆಯುವಾಗಲೂ ಹೊತ್ತು ತರಬೇಕಾಗುತ್ತದೆ. ಆದ್ದರಿಂದ ಗುಡಿಸಬೇಕೆಂಬ ಮಾತು ನ್ಯಾಯವೇ.

ಅಪಾಯವೆಲ್ಲಿದೆ? ಹೆಸರು ನೋಡಿ ಒಡೆಯನನ್ನು ಊಹಿಸುವುದರಲ್ಲಿ. ‘ಆಕ್ಷನ್ ಷೆಡ್ಯೂಲರ್’ ಎಂಬ ಕೋಷ್ಟಕಗಳಿವೆ. ಅಂಗಡಿ ನಡೆಸುವ ವೂಕಾಮರ್ಸ್ ಪ್ಲಗಿನ್ ಅವನ್ನು ಬಳಸುತ್ತದೆ. ಬೇರೆ ಪ್ಲಗಿನ್‌ಗಳೂ ಬಳಸುತ್ತವೆ. ಅಂಗಡಿ ಮುಚ್ಚಿತೆಂದು ಅವನ್ನು ಅಳಿಸಿದರೆ ಇನ್ನೊಬ್ಬರ ಕೆಲಸ ನಿಂತುಹೋಗುತ್ತದೆ. ಅಲ್ಲಿ ಅಳಿಸಿದ್ದನ್ನು ಹೆಕ್ಕಿ ತರಲು ಕಸದ ಬುಟ್ಟಿಯೂ ಇಲ್ಲ.

ದೊಡ್ಡವರಿಗೂ ಇದು ತಪ್ಪಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ ನೌಕರನೊಬ್ಬ ರಾತ್ರಿ ಕೆಲಸದಲ್ಲಿ ಒಂದು ಯಂತ್ರವೆಂದು ಇನ್ನೊಂದು ಯಂತ್ರದ ಮಾಹಿತಿ ಅಳಿಸಿದ. ನಂಬಿದ್ದ ಬ್ಯಾಕಪ್ ವ್ಯವಸ್ಥೆಗಳು ಕೈಕೊಟ್ಟವು. ಆರು ಗಂಟೆ ಹಿಂದೆ ತೆಗೆದಿಟ್ಟಿದ್ದ ಒಂದು ಪ್ರತಿಯಿಂದ ಮಾನ ಉಳಿಯಿತು. ಆ ಆರು ಗಂಟೆಯ ಮಾಹಿತಿ ಮಾತ್ರ ಹೋಗಿಯೇ ಹೋಯಿತು.

ಗಿರಣಿ ಬಂಧುಗಳಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. 1982ರ ಮುಷ್ಕರದ ಬಳಿಕ ಗಿರಣಿಗಳು ಮುಚ್ಚಿದಾಗ ಹಳೆಯ ಟಿಕೆಟು, ಫಂಡಿನ ಚೀಟಿ ಯಾರಿಗೆ ಬೇಕಿತ್ತು? ಮುಂದೆ ಗಿರಣಿ ಕಾರ್ಮಿಕರಿಗೆ ಮನೆ ಕೊಡುವಾಗ, 1982ರ ಜನವರಿ 1ರಂದು ಅಥವಾ ಅನಂತರ ಕೆಲಸದಲ್ಲಿದ್ದುದಕ್ಕೆ ಪುರಾವೆ ಕೇಳಿದರು. ಟ್ರಂಕಿನ ತಳದಲ್ಲಿದ್ದ ಆ ಚೀಟಿಯೇ ಮನೆಯ ಹಕ್ಕಿಗೆ ಸಾಕ್ಷಿಯಾಯಿತು. ನಮ್ಮ ಸದಸ್ಯನೊಬ್ಬ ತುಂಬಿದ ಹಳೆಯ ಅರ್ಜಿಯೂ ನಾಳೆ ಅವನ ಸೇವೆಗೆ ಸಾಕ್ಷಿಯಾಗಬಹುದು.

ಎಲ್ಲವನ್ನೂ ಕಟ್ಟಿಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಬೇಡವಾದ ಆಧಾರ್ ಸಂಖ್ಯೆ, ಫೋನ್ ನಂಬರು ಅಲ್ಲಿ ಬಿದ್ದಿರುವುದೂ ಅಪಾಯವೇ. ಅಳಿಸೋಣ, ತಿಳಿದು ಅಳಿಸೋಣ. ಅದಕ್ಕಾಗಿ ಸಭೆ ಹೀಗೆ ಠರಾವು ಮಾಡಲಿ: ಮೊದಲು ಪೂರ್ತಿ ಪ್ರತಿ ತೆಗೆದು ಬೇರೆ ಸ್ಥಳದಲ್ಲಿಡಬೇಕು. ಆ ಪ್ರತಿ ತೆರೆಯುತ್ತದೆಯೇ ಎಂದು ನೋಡಬೇಕು. ತೆರೆದು ನೋಡದ ಬ್ಯಾಕಪ್, ಎಣಿಸದ ಗಲ್ಲಾದಂತೆ. ಅಳಿಸುವ ಕೆಲಸವನ್ನು ಮೊದಲು ಆ ಪ್ರತಿಯ ಮೇಲೆ ಮಾಡಿ ನೋಡಬೇಕು. ಒಂದು ಸಲಕ್ಕೆ ಒಂದೇ ಪ್ಲಗಿನ್ನಿನ ಉಳಿಕೆ ತೆಗೆಯಬೇಕು. ಇಬ್ಬರು ಕುಳಿತು, ಏನು ತೆಗೆದೆವೆಂದು ವಹಿಯಲ್ಲಿ ಬರೆದು ಸಹಿ ಹಾಕಬೇಕು.

ವೆಬ್‌ಸೈಟ್ ನಾಲ್ಕು ದಿನ ನಿಧಾನವಾದರೆ ಯಾರ ಅನ್ನವೂ ಹೋಗದು. ಸದಸ್ಯರ ದಾಖಲೆ ಹೋದರೆ ಅವರಿಗೆ ಉತ್ತರ ಕೊಡಬೇಕಾದವರು ನಾವು. ಇಷ್ಟು ಹೇಳಿ, ಚರ್ಚೆಗೆ ನಿಮಗೆ ಅವಕಾಶ ಬಿಟ್ಟು ಕುಳಿತುಕೊಳ್ಳುತ್ತೇನೆ.